ಗುಂಡಿ ಹೂಂ ಎಂದಿತು, ಹಿಮ ಉಹೂಂ ಎಂದಿತು

ಆ ದಿನದ ಹಿಮಕುಸಿತ ಮುನ್ಸೂಚನೆಯಲ್ಲಿ ಅಪಾಯದ ಮಟ್ಟ 3 ಎಂದಿತ್ತು. ಇರುವುದು ಐದು ಮಟ್ಟ, ಮೂರೆಂದರೆ ನಡುವಿನದು ತಾನೇ ಎಂದು ನಾನು ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ. ಆದರೆ 3ರಲ್ಲಿ ಸ್ಕೀ ಮೇಲೆ ಹೋಗುವ ಒಬ್ಬನ ತೂಕವೇ ಇಳಿಜಾರನ್ನು ಕಳಚಬಹುದು. 4 ಅಥವಾ 5 ಇದ್ದರೆ ಯಾರೂ ಹೊರಡುವುದಿಲ್ಲ, 3 ಇದ್ದರೆ ಎಲ್ಲರೂ ಹೊರಡುತ್ತಾರೆ. ಸಾವುಗಳ ದೊಡ್ಡ ಪಾಲು ಈ ಮಟ್ಟದ್ದೇ.

ನಾವೂ ಹೊರಟೆವು, ಮೂವರು. ಮೊದಲು ಬೀಕನ್, ಅಂದರೆ ಹಿಮದಡಿ ಹೂತವರನ್ನು ಪತ್ತೆಹಚ್ಚಲು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನದ ಪರೀಕ್ಷೆ: ಒಬ್ಬರು ಮುಂದೆ ಹೋಗಿ ನಿಂತರು, ಉಳಿದವರು ಒಬ್ಬೊಬ್ಬರಾಗಿ ಅವರನ್ನು ದಾಟಿದೆವು. ಎಲ್ಲ ಕಂಪನಿಗಳ ಬೀಕನ್‌ಗಳೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡುತ್ತವೆ. ಮೊಬೈಲ್ ಪಕ್ಕದಲ್ಲಿದ್ದರೆ ಮಾತು ಕೆಡುತ್ತದೆ, ಅದಕ್ಕೆ ಬೇರೆ ಜೇಬು. ಸಲಿಕೆ, ಮಡಚಿಟ್ಟ ಶೋಧಕಡ್ಡಿ ಪ್ರತಿಯೊಬ್ಬರ ಚೀಲದಲ್ಲೂ ಇದ್ದವು. ಹಿಮದಡಿ ಸಿಕ್ಕವನಿಗೆ ಬದುಕುವ ಅವಕಾಶ ಮೊದಲ ಹತ್ತು ಹದಿನೈದು ನಿಮಿಷದ ಬಳಿಕ ಕಡಿದಾಗಿ ಇಳಿಯುತ್ತದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬಾರದು, ಅಗೆಯಬೇಕಾದವರು ಜೊತೆಗಿರುವವರೇ.

ನಮ್ಮ ಕಣ್ಣಿದ್ದದ್ದು ಸುಮಾರು 36 ಡಿಗ್ರಿಯ ಒಂದು ಪೂರ್ವದ ಇಳಿಜಾರಿನ ಮೇಲೆ. ಹಲಗೆಯಂತೆ ಒಟ್ಟಾಗಿ ಕಳಚುವ ಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿಯ ನಡುವೆ. ಸಾಲದ್ದಕ್ಕೆ ಎರಡು ದಿನ ಪಡುವಣ ಗಾಳಿ ಬೀಸಿ, ಆಚೆ ಬದಿಯ ಹಿಮವನ್ನೆಲ್ಲ ಗುಡಿಸಿ ತಂದು ಈ ಮಗ್ಗುಲಿಗೆ ಪೇರಿಸಿತ್ತು. ಇಷ್ಟು ಗೊತ್ತಿದ್ದೂ ಹೋಗಲು ಕಾತರಿಸಿದವನು ನಾನೇ.

ಹಿಮದ ಪದರಗಳು ಎಷ್ಟು ಗಟ್ಟಿ ಎಂದು ನೋಡಲು ಬುಡದಲ್ಲಿ ಗುಂಡಿ ತೋಡಿದೆ. ಗೋಡೆಯಿಂದ 30 ಸೆಂಟಿಮೀಟರ್ ಚೌಕದ ಕಂಬವೊಂದನ್ನು ಬಿಡಿಸಿ, ಅದರ ತಲೆಯ ಮೇಲೆ ಸಲಿಕೆಯ ಅಲಗಿಟ್ಟು ಬಡಿಯುವ ಪರೀಕ್ಷೆ: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು. ಮೂವತ್ತಾದರೂ ಕಂಬ ಬಿರಿಯಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ.

ಮುಂದೆ ಇನ್ನೂರು ಹೆಜ್ಜೆ ಹೋಗಿರಬೇಕು. ಸಮತಟ್ಟಾದ ಜಾಗ. ಕಾಲಡಿಯಲ್ಲಿ ಧುಮ್ಮೆಂದಿತು. ಇಡೀ ಹಾಸು ಬೆರಳಗಲ ಕುಸಿದು ಕೂತ ಹಾಗಾಯಿತು, ಸ್ಕೀ ತುದಿಯಿಂದ ಬಿರುಕೊಂದು ಸರಸರನೆ ಓಡಿತು. ಒಳಗಿನ ದುರ್ಬಲ ಪದರ ಕುಸಿದಾಗ ಬರುವ ಸದ್ದದು. ಸಮತಟ್ಟಾದ್ದರಿಂದ ಜಾರಲಿಲ್ಲ, ಅಷ್ಟೇ. ಹೀಗೆ ಕೆಳಗೆ ನಿಂತವರ ತೂಕಕ್ಕೆ ಮೇಲಿನ ಇಳಿಜಾರು ಕಳಚಿಕೊಂಡು ಬರುವುದೂ ಉಂಟು.

“ಗುಂಡಿಯಲ್ಲಿ ಏನೂ ಮುರಿಯಲಿಲ್ಲವಲ್ಲ?” ಎಂದರು ಒಬ್ಬರು. ನನ್ನ ತಲೆಯಲ್ಲೂ ಅದೇ ವಾದ ಓಡುತ್ತಿತ್ತು. ಇಳಿಜಾರಿನ ಮೇಲೆ ಬೇರೆಯವರ ನಾಲ್ಕು ಸ್ಕೀ ಗೆರೆಗಳೂ ಇದ್ದವು, ಅವೂ ಬಾ ಎನ್ನುತ್ತಿದ್ದವು. ನಾಲ್ವರನ್ನು ಹೊತ್ತ ಹಿಮ ಐದನೆಯವನನ್ನೂ ಹೊರುತ್ತದೆ ಎಂದೇನಿಲ್ಲ.

ನಿಂತಲ್ಲೇ ಮತ್ತೆ ಅಗೆದೆ. ಇಲ್ಲಿ ಹಿಮ 70 ಸೆಂಟಿಮೀಟರ್ ಮಾತ್ರ. ಕೆಳಗಿನ ಒಂದು ಗೇಣು ಸಕ್ಕರೆ ಹರಳಿನಂತೆ ಬೆರಳ ಸಂದಿಯಿಂದ ಉದುರಿಹೋಯಿತು. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮದ ಅಡಿಯಲ್ಲಿ ನೆಲ ಬೆಚ್ಚಗೆ, ಮೇಲೆ ಕೊರೆಯುವ ರಾತ್ರಿ. ಆ ಅಂತರಕ್ಕೆ ಆವಿ ಮೇಲೇರುತ್ತ ಕಣಗಳನ್ನು ಒಂದಕ್ಕೊಂದು ಅಂಟದ ಹರಳುಗಳಾಗಿಸುತ್ತದೆ. ನನ್ನ ಮೊದಲ ಗುಂಡಿಯ ಜಾಗದಲ್ಲಿ ಕಡ್ಡಿ ಚುಚ್ಚಿ ನೋಡಿದ್ದೆ, ಎರಡು ಮೀಟರ್‌ಗೂ ಹೆಚ್ಚು ಆಳ. ಅಲ್ಲಿ ಹರಳಿನ ಪದರ ಅಷ್ಟು ಕೆಳಗಿದ್ದು ನನ್ನ ಏಟು ಅದನ್ನು ಮುಟ್ಟಿಯೇ ಇರಲಿಲ್ಲ. ಕಂಬ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದೇ ತಪ್ಪು ಜಾಗದಲ್ಲಿ. ಅಂದಿನಿಂದ ಗುಂಡಿ ಬೇಡ ಎಂದರೆ ಹಿಂತಿರುಗುತ್ತೇನೆ. ಆಗಲಿ ಎಂದರೆ ಅದನ್ನು ಅಪ್ಪಣೆ ಎಂದು ಎಣಿಸುವುದಿಲ್ಲ.

ಮರಳುವಾಗ ದಾರಿ ಬದಲಿಸಿದೆವು: 30 ಡಿಗ್ರಿಗಿಂತ ಕಡಿಮೆಯ ಏಣು, ಮೇಲಿನಿಂದ ಉರುಳಿ ಬಂದರೂ ತಲುಪದಷ್ಟು ದೂರ. ನಡುವೆ ಒಂದು ತಗ್ಗನ್ನು ದಾಟಲೇಬೇಕಿತ್ತು. ಅಲ್ಲಿ ಒಬ್ಬರು ಸರಿದರೆ ಇಬ್ಬರು ಆಚೆ ನಿಂತು ಕಣ್ಣು ಕೀಳದೆ ನೋಡಿದೆವು.

ಆ ಇಳಿಜಾರು ಅಂದು ಕುಸಿಯಲಿಲ್ಲ. ಮರುದಿನ ದುರ್ಬೀನಿನಲ್ಲಿ ನೋಡಿದಾಗಲೂ ನಾಲ್ಕು ಗೆರೆಗಳು ಹಾಗೇ ಇದ್ದವು. ಜೊತೆಗಿದ್ದವರೊಬ್ಬರು ಇಂದಿಗೂ ಅದನ್ನೆತ್ತಿ ನನ್ನನ್ನು ಛೇಡಿಸುತ್ತಾರೆ.