ಹಳೆಯ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿದ್ದು: ನನ್ನ ಅನುಭವ

ಹನ್ನೊಂದು ವರ್ಷ ದುಡಿದ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಕೆಟ್ಟಾಗ, ಅದರಲ್ಲಿದ್ದ 500 ಜಿಬಿಯ ಹಾರ್ಡ್ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಎರಡನೆಯ ಡಿಸ್ಕಾಗಿ ಜೋಡಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸವೆಂದು ನಾನು ತಿಳಿದಿದ್ದೆ. ಸ್ಕ್ರೂ ಬಿಗಿಯುವ ಕೆಲಸ ನಿಜಕ್ಕೂ ಅಷ್ಟರಲ್ಲೇ ಮುಗಿಯಿತು. ಉಳಿದದ್ದಕ್ಕೆ ಎರಡು ದಿನ ಹಿಡಿಯಿತು.

ಮೊದಲು ನೋಡಬೇಕಾದದ್ದು ಡಿಸ್ಕಿನ ಹಿಂಬದಿಯ ಕನೆಕ್ಟರನ್ನು. ಎರಡು ಸಾಲಿನಲ್ಲಿ ಸೂಜಿಯಂತಹ ಪಿನ್ನುಗಳಿದ್ದು ಅಗಲವಾದ ಪಟ್ಟಿ ಕೇಬಲ್ ಕೂರುವಂತಿದ್ದರೆ ಅದು ಐಡಿಇ ಡಿಸ್ಕು. ಈಗಿನ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಜಾಗವಿಲ್ಲದಿರುವುದರಿಂದ ಯುಎಸ್‌ಬಿ ಅಡಾಪ್ಟರನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ನನ್ನದು ಸಾಟಾ, ಅಂದರೆ ಐಡಿಇ ನಂತರ ಬಂದ ಕಿರಿದಾದ ಕನೆಕ್ಟರಿನ ಡಿಸ್ಕಾಗಿತ್ತು. ಸಾಟಾದಲ್ಲಿ ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್ ವೇಗದ ಮೂರು ತಲೆಮಾರುಗಳಿದ್ದರೂ ಹಳೆಯ ಡಿಸ್ಕು ಹೊಸ ಪೋರ್ಟಿನಲ್ಲಿ ಸಾಮಾನ್ಯವಾಗಿ ತನ್ನ ವೇಗದಲ್ಲಿ ತಾನು ನಡೆಯುತ್ತದೆ.

ವಿದ್ಯುತ್ ಕೇಬಲಿನ ವಿಷಯದಲ್ಲಿ ನಾನು ದೊಡ್ಡ ತಪ್ಪೊಂದನ್ನು ಮಾಡುವುದರಲ್ಲಿದ್ದೆ. ಹೊಸ ಎಸ್‌ಎಂಪಿಎಸ್‌ನ, ಅಂದರೆ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯ, ಕೇಬಲುಗಳನ್ನು ಬೇಕಾದಾಗ ಬಿಡಿಸಿ ಸಿಕ್ಕಿಸಬಹುದು. ಅದರ ಜೊತೆ ಬಂದ ಸಾಟಾ ಕೇಬಲ್ ತಕ್ಷಣ ಕೈಗೆ ಸಿಗದೆ, ಬೇರೊಂದು ಎಸ್‌ಎಂಪಿಎಸ್‌ನ ಕೇಬಲನ್ನು ಹಿಡಿದುಕೊಂಡು ಕೂತಿದ್ದೆ, ಅದು ಸರಿಯಾಗಿ ಕೂರುತ್ತಲೂ ಇತ್ತು. ಆದರೆ ಡಿಸ್ಕಿನ ಕಡೆಯ ತುದಿಗೆ ಮಾತ್ರ ಎಲ್ಲರೂ ಒಪ್ಪಿದ ಮಾನಕವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥದ್ದಿಲ್ಲ. 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದರೆ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗುವುದು ಒಂದು ಕ್ಷಣದ ಮಾತು. ಅದನ್ನು ಕೆಳಗಿಟ್ಟು, ಡಬ್ಬಿಯ ತಳದಲ್ಲಿದ್ದ ಮೂಲ ಕೇಬಲನ್ನು ಹುಡುಕಿ ತೆಗೆದೆ.

ಪ್ಲಗ್ ಕಿತ್ತು, ಮೈಯಲ್ಲಿ ಸ್ಥಿರವಿದ್ಯುತ್ ಉಳಿಯದಿರಲೆಂದು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಡಿಸ್ಕನ್ನು ಅದರ ಗೂಡಿನಲ್ಲಿ ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದೆ. ಕಂಪ್ಯೂಟರ್ ಹೊತ್ತಿಕೊಂಡಿತು, ಡಿಸ್ಕು ತಿರುಗುವ ಸದ್ದೂ ಕೇಳಿಸಿತು, ಆದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಮದರ್‌ಬೋರ್ಡಿನಿಂದ ಚಾಲೂ ಆಗುವ ತಂತ್ರಾಂಶದಲ್ಲಿ, ಅದರ ಹೆಸರೇ ಇರಲಿಲ್ಲ. ತಿರುಗುತ್ತಿದೆಯೆಂದ ಮೇಲೆ ವಿದ್ಯುತ್ ತಲುಪುತ್ತಿದೆಯೆಂದೇ ಅರ್ಥ. ಡೇಟಾ ಕೇಬಲ್ ಬದಲಿಸಿದರೂ ಗುಣ ಕಾಣದಿದ್ದಾಗ ಮದರ್‌ಬೋರ್ಡಿನ ಕೈಪಿಡಿಯನ್ನು ತೆರೆದೆ. ಮದರ್‌ಬೋರ್ಡಿನ ಮೇಲೆಯೇ ಇರುವ ಎರಡನೆಯ ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕು) ಇದ್ದರೆ 5 ಮತ್ತು 6ನೆಯ ಸಾಟಾ ಪೋರ್ಟುಗಳು ಕೆಲಸ ಮಾಡುವುದಿಲ್ಲವೆಂದು ಒಂದು ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಸಿಕ್ಕಿಸಿದ್ದು 5ನೆಯದಕ್ಕೆ. 2ನೆಯದಕ್ಕೆ ಬದಲಿಸಿದೊಡನೆ ಡಿಸ್ಕು ಕಾಣಿಸಿಕೊಂಡಿತು.

ಕಾಣಿಸಿಕೊಂಡದ್ದು ಮಾತ್ರವಲ್ಲ, ಯಜಮಾನಿಕೆಗೂ ಇಳಿಯಿತು. ಬಯಾಸ್‌ನಲ್ಲಿ ಸಿಎಸ್‌ಎಂ, ಅಂದರೆ ಹಳೆಯ ಬಗೆಯ ಬೂಟಿಂಗಿಗೆ ಅವಕಾಶ ಕೊಡುವ ಸೌಲಭ್ಯ, ಆನ್ ಆಗಿದ್ದುದರಿಂದ ಹಳೆಯ ಡಿಸ್ಕಿನಲ್ಲಿದ್ದ ವಿಂಡೋಸ್ 7 ತಾನೇ ಎದ್ದು ನಿಲ್ಲಲು ಹೋಗಿ, ನೀಲಿ ಪರದೆ ತೋರಿಸಿ ಬಿದ್ದಿತು. ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿಯ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ತಂದು ಸಿಎಸ್‌ಎಂ ಆಫ್ ಮಾಡಿದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದ ಕೆಲಸ ನನಗೆ ಹೊಳೆದದ್ದು ಆಮೇಲೆ. ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ದಾಖಲೆಯನ್ನು ತೆರೆದಾಗ, ಕೆಟ್ಟದ್ದರಿಂದ ಬದಲಿಸಲಾದ ಸೆಕ್ಟರುಗಳ (ಡಿಸ್ಕು ಡೇಟಾ ಬರೆದಿಡುವ ಚಿಕ್ಕ ಚಿಕ್ಕ ತುಣುಕುಗಳ) ಸಂಖ್ಯೆ ಸೊನ್ನೆಯಿದ್ದರೂ ಬಾಕಿ ಇರುವ ಸೆಕ್ಟರುಗಳು 24 ಇದ್ದವು. ಡಿಸ್ಕು ಓದಲು ಯತ್ನಿಸಿ ಸೋತು, ಇವು ಕೆಟ್ಟಿವೆಯೋ ಇಲ್ಲವೋ ಎಂದು ಇನ್ನೂ ತೀರ್ಮಾನಿಸದ ಜಾಗಗಳಿವು. ಇಂತಹ ಡಿಸ್ಕನ್ನು ದಿನಬಳಕೆಗೆ ಇಟ್ಟುಕೊಳ್ಳುವ ಆಸೆಯನ್ನು ಅಲ್ಲಿಗೇ ಬಿಟ್ಟು, 1 ಟಿಬಿಯ ಹೊಸ ಡಿಸ್ಕೊಂದಕ್ಕೆ ಇದರ ಪಡಿಯಚ್ಚನ್ನು ತೆಗೆಯಲು ನಿರ್ಧರಿಸಿದೆ.

ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿದೆ. ಸಾಮಾನ್ಯ ನಕಲು ಕೆಟ್ಟ ಜಾಗ ಸಿಕ್ಕಿದಲ್ಲಿಯೇ ನಿಂತುಬಿಟ್ಟರೆ, ಇದು ಅದನ್ನು ದಾಟಿಕೊಂಡು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ಉಳಿಸಿಕೊಂಡು, ಆಮೇಲೆ ಬಿಟ್ಟ ಜಾಗಗಳಿಗೆ ಹಿಂದಿರುಗುತ್ತದೆ. ಎಷ್ಟಾಯಿತೆಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿದರೂ ನಷ್ಟವಿಲ್ಲ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಡಿಸ್ಕಿನ ಸೀರಿಯಲ್ ಸಂಖ್ಯೆಯಿಂದ ಎರಡು ಸಲ ತಾಳೆ ನೋಡಿದೆ, ಏಕೆಂದರೆ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ಅಳಿಸಿಹಾಕುತ್ತದೆ. ಮೊದಲ ಸುತ್ತು ಸುಮಾರು ಎರಡು ಗಂಟೆಯಲ್ಲಿ ಮುಗಿಯಿತು, ಉಳಿದ ಚೂರುಪಾರಿಗೆ ಇಡೀ ರಾತ್ರಿ ಬೇಕಾಯಿತು. ಕೊನೆಗೂ ಓದಲಾಗದೆ ಉಳಿದದ್ದು 6 ಸೆಕ್ಟರು, ಅಂದರೆ 3 ಕಿಲೋಬೈಟ್.

ವಿಂಡೋಸ್ ಚಾಲೂ ಮಾಡುವ ಮುನ್ನ ಹಳೆಯ ಡಿಸ್ಕನ್ನು ಕಳಚಿದೆ. ಪಡಿಯಚ್ಚಿನಲ್ಲಿ ಡಿಸ್ಕಿನ ಗುರುತಿನ ಸಂಖ್ಯೆಯೂ ನಕಲಾಗಿರುವುದರಿಂದ, ಎರಡೂ ಒಟ್ಟಿಗಿದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್, ಅಂದರೆ ಬಳಕೆಗೆ ಸಿಗದಂತೆ, ಮಾಡಿಬಿಡುತ್ತದೆ. ನನ್ನದೇ ಫೋಲ್ಡರ್ ತೆರೆಯಲು ಹೋದರೆ ಅನುಮತಿ ಇಲ್ಲವೆಂಬ ಉತ್ತರ ಬಂದಿತು. ಬಳಕೆದಾರನ ಹೆಸರು ಒಂದೇ ಆದರೂ ಹಳೆಯ ವಿಂಡೋಸ್ ಕೊಟ್ಟಿದ್ದ ಒಳಗುರುತು ಬೇರೆ. ಆ ಒಂದು ಫೋಲ್ಡರಿನ ಮಾಲೀಕತ್ವವನ್ನಷ್ಟೇ ನನ್ನ ಈಗಿನ ಖಾತೆಗೆ ಬದಲಿಸಿಕೊಂಡೆ.

ಹಳೆಯ ಡಿಸ್ಕು ಈಗ ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿದೆ, ಮೇಲೆ ದಿನಾಂಕ ಬರೆದಿಟ್ಟಿದ್ದೇನೆ. ಹೊಸದರಲ್ಲಿ ಒಂದು ವಿಡಿಯೋದ ನಡುವೆ ಅರೆಕ್ಷಣ ಚಿತ್ರ ಒಡೆಯುತ್ತದೆ. ಆ ಆರು ಸೆಕ್ಟರುಗಳಲ್ಲಿ ಕೆಲವು ಅಲ್ಲಿಯೇ ಇದ್ದವೆಂದು ನನ್ನ ಊಹೆ.