ಪಿಟ್ಸ್‌ಬರ್ಗಿಗೆ ಓದಲು ಬರುತ್ತಿರುವ ಮಲೆನಾಡಿನ ಮಕ್ಕಳಿಗೆ

ಏಪ್ರಿಲ್ ಮುಗಿಯುವ ಹೊತ್ತಿಗೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯಿಂದ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ನನಗೆ ಫೋನ್ ಬರಲು ಶುರುವಾಗುತ್ತದೆ. ಮಗನಿಗೋ ಮಗಳಿಗೋ ಪಿಟ್ಸ್‌ಬರ್ಗಿನಲ್ಲಿ ಎಂಎಸ್ ಸೀಟು ಸಿಕ್ಕಿದೆ, ಊರು ಹೇಗಿದೆ, ಏನೇನು ಮಾಡಬೇಕು ಎಂದು ಕೇಳುತ್ತಾರೆ. ಕೇಳುವವರು ಹೆಚ್ಚಾಗಿ ಅಪ್ಪ, ಇಲ್ಲಾ ಚಿಕ್ಕಪ್ಪ. ಓದಲು ಬರುವವರು ಪಕ್ಕದಲ್ಲೇ ಕೂತಿರುತ್ತಾರೆ, ಬಾಯಿ ಬಿಡುವುದಿಲ್ಲ.

ಆ ಸಂಕೋಚದ ಬಗ್ಗೆಯೇ ನಾನು ಮುಖ್ಯವಾಗಿ ಬರೆಯುತ್ತಿರುವುದು. ವೀಸಾ, ಮನೆ, ಬ್ಯಾಂಕು ಎಲ್ಲ ಹೇಗೋ ಆಗುತ್ತವೆ. ಇಲ್ಲಿಗೆ ಬಂದು ಕಷ್ಟಕ್ಕೆ ಸಿಕ್ಕಿದ ನಮ್ಮ ಕಡೆಯ ಮಕ್ಕಳನ್ನು ನೋಡಿದ್ದೇನೆ. ಎಲ್ಲರೂ ಜಾಣರೇ, ಕಷ್ಟಪಟ್ಟು ಓದುವವರೇ. ಕೇಳಬೇಕಾದ ಹೊತ್ತಿಗೆ ಯಾರನ್ನೂ ಕೇಳಲಿಲ್ಲ, ಅಷ್ಟೇ.

ಮೊದಲು ದುಡ್ಡಿನ ವಿಷಯ

ತೋಟದ ಮನೆಗಳಿಗೆ ಇರುವ ತೊಂದರೆ ಬೆಂಗಳೂರಿನವರ ಸಲಹೆಗಳಲ್ಲಿ ಎಲ್ಲೂ ಬರುವುದಿಲ್ಲ. ನಮ್ಮ ಆಸ್ತಿಯೆಲ್ಲ ಅಡಿಕೆ ತೋಟದಲ್ಲಿದೆ. ಆದರೆ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಕೃಷಿ ಜಮೀನನ್ನು ಸಾಮಾನ್ಯವಾಗಿ ಅಡಮಾನ ಇಟ್ಟುಕೊಳ್ಳುವುದಿಲ್ಲ. ಸಾಲ ಕಟ್ಟದವರ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಅದು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕಿನವರು ತೋಟ ಎಂದ ಕೂಡಲೇ ಹಿಂದೆ ಸರಿಯುತ್ತಾರೆ. ಸರ್ಕಾರಿ ಬ್ಯಾಂಕುಗಳಲ್ಲಿ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಆಧಾರ ಕೇಳುತ್ತಾರೆ. ಅಮೆರಿಕದ ಓದಿಗೆ ಆ ಮೊತ್ತ ಎಲ್ಲಿಗೂ ಸಾಲದು. ಪೇಟೆಯಲ್ಲಿ ಮನೆ, ಭೂಪರಿವರ್ತನೆಯಾದ ಸೈಟು, ಇಲ್ಲವೇ ಬ್ಯಾಂಕಿನ ಠೇವಣಿ ಬೇಕಾಗುತ್ತದೆ.

ಅದೂ ಇದೆ ಅಂದುಕೊಳ್ಳಿ. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ? ಅಣ್ಣತಮ್ಮಂದಿರ ನಡುವೆ ಪಾಲು ಆಗದಿದ್ದರೆ? ಬ್ಯಾಂಕಿನ ವಕೀಲರು ಅಲ್ಲೇ ಕಾಗದ ವಾಪಸ್ ಕೊಡುತ್ತಾರೆ. ಇದನ್ನು ಸರಿಮಾಡಲು ತಿಂಗಳುಗಟ್ಟಲೆ ಬೇಕು. ಸೀಟು ಸಿಕ್ಕ ಮೇಲೆ ಓಡಾಡಿದರೆ ಆಗಸ್ಟಿಗೆ ಮುಗಿಯುವುದಿಲ್ಲ. ಅರ್ಜಿ ಹಾಕುವ ವರ್ಷವೇ ಮನೆಯಲ್ಲಿ ಕೂತು ಕೇಳಿ: ಯಾವ ಆಸ್ತಿ ಯಾರ ಹೆಸರಲ್ಲಿದೆ, ಅದರ ಮೇಲೆ ಸಾಲ ಎಷ್ಟಿದೆ, ದೊಡ್ಡಪ್ಪನ ಸಹಿ ಬೇಕಾಗುತ್ತದಾ ಎಂದು. ಇದು ಮನೆಯಲ್ಲಿ ಕೇಳಲು ಬಹಳ ಕಷ್ಟದ ಪ್ರಶ್ನೆ ಅಂತ ನನಗೆ ಗೊತ್ತು. ಆದರೂ ಕೇಳಲೇಬೇಕು.

ಇನ್ನೊಂದು, ಆದಾಯದ ದಾಖಲೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರಿಟರ್ನ್ಸ್ ಹಾಕುವ ಅಭ್ಯಾಸವೇ ಇಲ್ಲ. ಬ್ಯಾಂಕಿನವರು ಮೊದಲು ಕೇಳುವುದೇ ಅದನ್ನು. ವೀಸಾ ಸಂದರ್ಶನದಲ್ಲೂ ಅಪ್ಪ ಏನು ಮಾಡುತ್ತಾರೆ, ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬಹುದು. ಒಂದೆರಡು ವರ್ಷ ಮುಂಚೆಯಿಂದಲೇ ಅಪ್ಪನ ಹೆಸರಲ್ಲಿ ರಿಟರ್ನ್ಸ್ ಹಾಕಿಸಿ, ಕೃಷಿ ಆದಾಯವನ್ನೂ ಅದರಲ್ಲಿ ತೋರಿಸಿ. ಮಂಡಿಯ ಅಥವಾ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್‌ಕೋಸ್‌ನ ಮಾರಾಟದ ಬಿಲ್ಲು, ಪಹಣಿ, ಸೊಸೈಟಿಯ ಪಾಸ್‌ಬುಕ್ಕು, ತಾಲೂಕು ಕಚೇರಿಯ ಆದಾಯ ಪ್ರಮಾಣಪತ್ರ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಅಡಿಕೆ ಅಂದರೆ ಏನು, ವರ್ಷಕ್ಕೆ ಎಷ್ಟು ಬರುತ್ತದೆ ಎಂದು ಎರಡು ಸಾಲಿನಲ್ಲಿ ಇಂಗ್ಲಿಷಿನಲ್ಲಿ ಹೇಳಲು ಮನೆಯಲ್ಲೇ ಬಾಯಿ ಪಾಠ ಮಾಡಿ.

ವೀಸಾಕ್ಕೆ ಬೇಕಾಗುವ ಐ-20 ಎಂಬ ಪ್ರವೇಶದ ಕಾಗದದಲ್ಲಿ ವಿಶ್ವವಿದ್ಯಾಲಯ ಬರೆಯುವ ಖರ್ಚು ಸಾಮಾನ್ಯವಾಗಿ ಒಂದು ವರ್ಷದ ಲೆಕ್ಕ. ಎಷ್ಟೋ ಅಪ್ಪಂದಿರು ಅದನ್ನು ಇಡೀ ಕೋರ್ಸಿನದು ಅಂದುಕೊಂಡಿರುತ್ತಾರೆ. ಅದರ ಮೇಲೆ 350 ಡಾಲರ್ ಸೆವಿಸ್ ಶುಲ್ಕ (ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡಲು ಅಮೆರಿಕ ಸರ್ಕಾರ ತೆಗೆದುಕೊಳ್ಳುವುದು), ವೀಸಾ ಶುಲ್ಕ, ಟಿಕೆಟ್, ಮನೆಯ ಮುಂಗಡ ಇರುತ್ತದೆ. ಇಲ್ಲಿ ಕೆಲಸ ಮಾಡಿ ಫೀಸು ಕಟ್ಟುತ್ತೇನೆ ಎನ್ನುವ ಲೆಕ್ಕ ಬೇಡ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನ ಒಳಗೆ ಮಾತ್ರ. ಅದರಿಂದ ದಿನಸಿ, ಫೋನಿನ ಖರ್ಚು ನಡೆಯಬಹುದು. ಹೊರಗೆ ಅಂಗಡಿಯಲ್ಲೋ ಹೋಟೆಲಿನಲ್ಲೋ ನಗದಿಗೆ ಕೆಲಸ ಇದೆ ಎಂದು ಯಾರಾದರೂ ಕರೆದರೆ ದಯವಿಟ್ಟು ಹೋಗಬೇಡಿ. ಸಿಕ್ಕಿಬಿದ್ದರೆ ಓದೇ ನಿಲ್ಲುತ್ತದೆ.

ಮನೆ

ಪಿಟ್ಸ್‌ಬರ್ಗ್ ಗುಡ್ಡಗಳ ಊರು. ತುಂಗೆ ಭದ್ರೆ ಕೂಡಲಿಯಲ್ಲಿ ಸೇರುವ ಹಾಗೆ ಇಲ್ಲಿ ಅಲೆಗೆನಿ ಮತ್ತು ಮೊನೊಂಗಹೀಲ ನದಿಗಳು ಊರ ನಡುವೆ ಸೇರಿ ಒಹಾಯೊ ಆಗಿ ಹರಿಯುತ್ತವೆ. ಮೋಡ, ಮಳೆ, ಏರು ದಾರಿ ನಿಮಗೆ ಹೊಸದಲ್ಲ. ಆದರೆ ಮನೆ ಹುಡುಕುವಾಗ ಇದೇ ಗುಡ್ಡ ಮೋಸ ಮಾಡುತ್ತದೆ. ಮ್ಯಾಪಿನಲ್ಲಿ ಹತ್ತು ನಿಮಿಷದ ದಾರಿ ಎಂದು ಕಂಡದ್ದು ಕಡಿದಾದ ಮೆಟ್ಟಿಲಾಗಿರಬಹುದು. ಈ ಊರಲ್ಲಿ ಅಂಥ ಸಾರ್ವಜನಿಕ ಮೆಟ್ಟಿಲು ಸಾಲುಗಳೇ 700ಕ್ಕಿಂತ ಜಾಸ್ತಿ ಇವೆ. ಜನವರಿಯಲ್ಲಿ ಅದರ ಮೇಲೆ ಮಂಜುಗಡ್ಡೆ ಕೂತಿರುತ್ತದೆ.

ಕಾರ್ನೆಗಿ ಮೆಲನ್ ಮತ್ತು ಪಿಟ್ (ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ) ಎರಡೂ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಅಕ್ಕಪಕ್ಕ ಇವೆ. ನಮ್ಮ ಮಕ್ಕಳು ಹೆಚ್ಚಾಗಿ ಓಕ್‌ಲ್ಯಾಂಡ್, ಸ್ಕ್ವಿರಲ್ ಹಿಲ್, ಶೇಡಿಸೈಡ್, ಗ್ರೀನ್‌ಫೀಲ್ಡ್ ಕಡೆ ಇರುತ್ತಾರೆ. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ ಸ್ಕ್ವಿರಲ್ ಹಿಲ್ ಒಳ್ಳೆಯದು. ದಿನಸಿ ಅಂಗಡಿ ನಡೆದು ಹೋಗುವಷ್ಟು ಹತ್ತಿರ. 61ಸಿ, 61ಡಿ ಬಸ್ಸುಗಳು ನೇರ ಕ್ಯಾಂಪಸ್ಸಿಗೆ ಹೋಗುತ್ತವೆ. ಈ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಐಡಿ ತೋರಿಸಿದರೆ ಬಸ್ಸಿಗೆ ಬೇರೆ ದುಡ್ಡು ಕೊಡಬೇಕಿಲ್ಲ, ಅದು ಫೀಸಿನಲ್ಲೇ ಸೇರಿದೆ. ಏರ್‌ಪೋರ್ಟಿನಿಂದ ಓಕ್‌ಲ್ಯಾಂಡಿಗೆ 28ಎಕ್ಸ್ ಬಸ್ಸಿದೆ. ಬಾಡಿಗೆ ಐವತ್ತು ಡಾಲರ್ ಕಡಿಮೆ ಎಂದು ಬಸ್ಸೇ ಹೋಗದ ಗುಡ್ಡದ ಮೇಲೆ ಮನೆ ಮಾಡಬೇಡಿ.

ಇಲ್ಲಿ ವಿದ್ಯಾರ್ಥಿಗಳ ಬಾಡಿಗೆ ಕರಾರು ಹೆಚ್ಚಾಗಿ ಆಗಸ್ಟಿನಿಂದ ಜುಲೈವರೆಗೆ ಒಂದು ವರ್ಷದ್ದು. ಸಹಿ ಮಾಡುವ ಮುಂಚೆ ಚಳಿಗಾಲದ ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯಾ ಎಂದು ಕೇಳಿ. ಹಳೆಯ ಇಟ್ಟಿಗೆ ಮನೆಗಳಲ್ಲಿ ಗ್ಯಾಸಿನ ಬಿಲ್ಲು ಜನವರಿ, ಫೆಬ್ರವರಿಯಲ್ಲಿ ಜೋರಾಗಿ ಏರುತ್ತದೆ. ನಾಲ್ಕು ಜನ ಒಂದೇ ಕರಾರಿಗೆ ಸಹಿ ಹಾಕಿದರೆ, ಒಬ್ಬ ಬಿಟ್ಟುಹೋದಾಗ ಅವನ ಪಾಲನ್ನು ಸಾಮಾನ್ಯವಾಗಿ ಉಳಿದವರೇ ಕಟ್ಟಬೇಕಾಗುತ್ತದೆ. ಗುರುತಿಲ್ಲದವರ ಜೊತೆ ಸಹಿ ಹಾಕುವ ಮುಂಚೆ ಈ ಮಾತು ಬಿಡಿಸಿ ಆಡಿಕೊಳ್ಳಿ. ಮನೆಯನ್ನು ಯಾರಾದರೂ ಕಣ್ಣಾರೆ ನೋಡದೆ ದುಡ್ಡು ಕಳಿಸಲೇಬೇಡಿ. ಇಲ್ಲಿರುವ ಒಬ್ಬರನ್ನು ಕೇಳಿ. ಹೋಗಿ ವಿಡಿಯೋ ಕಾಲ್ ಮಾಡಿ ತೋರಿಸಲು ಇಲ್ಲಿಯ ನಮ್ಮ ಕನ್ನಡಿಗರ ಕೂಟದವರು ಯಾರೂ ಬೇಸರ ಮಾಡುವುದಿಲ್ಲ.

ಈ ಊರಿರುವ ಪೆನ್ಸಿಲ್ವೇನಿಯ ರಾಜ್ಯದ ಕಾನೂನಿನಂತೆ ಮೊದಲ ವರ್ಷ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಮನೆ ಬಿಟ್ಟ 30 ದಿನದೊಳಗೆ ಅದನ್ನು ವಾಪಸ್ ಕೊಡಬೇಕು, ಇಲ್ಲವೇ ಯಾವ ಹಾನಿಗೆ ಎಷ್ಟು ಹಿಡಿದುಕೊಂಡೆ ಎಂದು ಪಟ್ಟಿ ಕೊಡಬೇಕು. ಆದರೆ ನಿಮ್ಮ ಹೊಸ ವಿಳಾಸವನ್ನು ಬರೆದು ಕೊಟ್ಟಿರಬೇಕು. ಮನೆಗೆ ಕಾಲಿಟ್ಟ ದಿನವೇ ಗೋಡೆ, ಒಲೆ, ಬಾತ್‌ರೂಮಿನ ಫೋಟೋ ತೆಗೆದಿಡಿ. ಮನೆ ಬದಲಿಸಿದರೆ 10 ದಿನದೊಳಗೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ತಿಳಿಸಬೇಕು. ಅದು ವೀಸಾದ ನಿಯಮ.

ಪೆಟ್ಟಿಗೆಯಲ್ಲಿ ಏನು

ಐ-20, ಪಾಸ್‌ಪೋರ್ಟು, ಮೂಲ ಅಂಕಪಟ್ಟಿ ಎಲ್ಲ ಕೈಚೀಲದಲ್ಲೇ ಇರಲಿ. ಕೋರ್ಸ್ ಶುರುವಾಗುವ 30 ದಿನಕ್ಕಿಂತ ಮುಂಚೆ ಅಮೆರಿಕದ ಒಳಗೆ ಬಿಡುವುದಿಲ್ಲ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ.

ಅಮ್ಮಂದಿರಿಗೆ ಒಂದು ಮಾತು. ಗಸಗಸೆ ಕಳಿಸಬೇಡಿ. ದುಬೈ, ಅಬುಧಾಬಿ ಮೇಲೆ ಬರುವ ವಿಮಾನ ಹಿಡಿದರೆ ಅಂತೂ ಬೇಡವೇ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿಗೆ ಹಾಕುತ್ತಾರೆ. ಅಕ್ಕಿ ಮತ್ತು ಹಸಿ ಕರಿಬೇವನ್ನು ಇಲ್ಲಿಯ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ. ಬೀಜ, ಗಿಡ, ಹಣ್ಣು, ಮಾಂಸವೂ ಬೇಡ. ಸಾರಿನ ಪುಡಿ, ಹಲಸಿನ ಹಪ್ಪಳ, ಚೆನ್ನಾಗಿ ಸೀಲ್ ಮಾಡಿದ ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದು. ತಂದದ್ದನ್ನು ಫಾರಂನಲ್ಲಿ ಕೇಳಿದರೂ ಬಾಯಲ್ಲಿ ಕೇಳಿದರೂ ಇದೆ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಎತ್ತಿ ಬಿಸಾಡುತ್ತಾರೆ, ಮುಚ್ಚಿಟ್ಟು ಸಿಕ್ಕಿದರೆ ದಂಡ ಹಾಕುತ್ತಾರೆ. ಕುಕ್ಕರ್ ತನ್ನಿ. ದಪ್ಪ ಕೋಟು ಅಲ್ಲಿ ಕೊಳ್ಳಬೇಡಿ. ಇಲ್ಲಿಯ ಚಳಿಗೆ ಇಲ್ಲಿಯದೇ ಬೇಕು, ಪೆನ್ಸಿಲ್ವೇನಿಯದಲ್ಲಿ ಬಟ್ಟೆಗೆ ಮಾರಾಟ ತೆರಿಗೆಯೂ ಇಲ್ಲ.

ಹಲ್ಲಿನ ಕೆಲಸ, ಕನ್ನಡಕ ಎಲ್ಲ ಊರಲ್ಲೇ ಮುಗಿಸಿ. ವಿದ್ಯಾರ್ಥಿ ವಿಮೆಯಲ್ಲಿ ಹಲ್ಲು ಸಾಮಾನ್ಯವಾಗಿ ಸೇರಿರುವುದಿಲ್ಲ. ಚುಚ್ಚುಮದ್ದಿನ ದಾಖಲೆ ಕೇಳುತ್ತಾರೆ. ಚಿಕ್ಕಂದಿನ ಕಾರ್ಡು ಕಳೆದುಹೋಗಿದ್ದರೆ ಶಿವಮೊಗ್ಗದಲ್ಲೇ ವೈದ್ಯರ ಹತ್ತಿರ ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಕೊಡುವ ಎಂಎಂಆರ್ ಮತ್ತೆ ಹಾಕಿಸಿಕೊಂಡು, ವಿಶ್ವವಿದ್ಯಾಲಯದ ಫಾರಂನಲ್ಲಿ ಸಹಿ ಮಾಡಿಸಿ. ಕ್ಷಯದ ಪರೀಕ್ಷೆ ಮಾಡುವುದಾದರೆ ರಕ್ತ ಪರೀಕ್ಷೆ ಕೇಳಿ. ನಮಗೆಲ್ಲ ಕ್ಷಯದ ಚುಚ್ಚುಮದ್ದು ಬಿಸಿಜಿ ಹಾಕಿರುವುದರಿಂದ ಚರ್ಮದ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲದಿದ್ದರೂ ಇದೆ ಎಂದು ತೋರಿಸಬಹುದು.

ತರಗತಿ

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡು ಒಬ್ಬರದ್ದು ನೋಡಿ ಇನ್ನೊಬ್ಬರು ಬರೆಯುವುದು ನಮಗೆ ಸ್ನೇಹದ ಮಾತು. ಇಲ್ಲಿ ಅದು ಕಳ್ಳತನ. ಕೊಟ್ಟವರಿಗೂ ಶಿಕ್ಷೆ, ತೆಗೆದುಕೊಂಡವರಿಗೂ ಶಿಕ್ಷೆ. ಆ ಕೋರ್ಸಿನಲ್ಲಿ ಫೇಲು ಮಾಡುವುದರಿಂದ ಹಿಡಿದು ವಿಶ್ವವಿದ್ಯಾಲಯದಿಂದಲೇ ತೆಗೆದುಹಾಕುವವರೆಗೆ ಹೋಗಬಹುದು. ತೆಗೆದುಹಾಕಿದರೆ ವೀಸಾವೂ ಹೋಯಿತು. ಕೋಡ್ ಬರೆಯುವ ಕೋರ್ಸುಗಳಲ್ಲಿ ನಕಲು ಹಿಡಿಯುವ ಸಾಫ್ಟ್‌ವೇರ್ ಇರುತ್ತದೆ, ಹೆಸರು ಬದಲಿಸಿದರೂ ಗೊತ್ತಾಗುತ್ತದೆ. ಊರಿನ ಗೆಳೆಯ ರಾತ್ರಿ ಹನ್ನೆರಡಕ್ಕೆ "ಸ್ವಲ್ಪ ಕಳಿಸೋ ಮಾರಾಯ" ಎಂದರೂ ಕಳಿಸಬೇಡಿ. ಒಟ್ಟಿಗೆ ಕೂತು ಚರ್ಚೆ ಮಾಡಬಹುದಾ, ಎಐ ಬಳಸಬಹುದಾ ಎನ್ನುವುದು ಕೋರ್ಸಿನಿಂದ ಕೋರ್ಸಿಗೆ ಬೇರೆ. ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ.

ಇಂಥ ನಕಲಿನ ಹಿಂದೆ ಹೆಚ್ಚಾಗಿ ಇರುವುದು ಕೇಳದೆ ಕೂತ ವಾರಗಳು. ಪಾಠ ಅರ್ಥವಾಗಲಿಲ್ಲ, ಕೇಳಲು ನಾಚಿಕೆ, ಗಡುವು ಬಂತು. ಇಲ್ಲಿ ಪ್ರತಿ ಪ್ರೊಫೆಸರೂ ವಾರದಲ್ಲಿ ಇಂತಿಷ್ಟು ಹೊತ್ತು ಬಾಗಿಲು ತೆರೆದು ವಿದ್ಯಾರ್ಥಿಗಳಿಗಾಗಿಯೇ ಕೂತಿರುತ್ತಾರೆ. ಅದನ್ನು ಆಫೀಸ್ ಅವರ್ಸ್ ಎನ್ನುತ್ತಾರೆ. ಪಾಠದ ಸಹಾಯಕರಾದ ಟಿಎಗಳೂ ಹಾಗೇ ಕೂರುತ್ತಾರೆ. ಅಲ್ಲಿಗೆ ಹೋಗಿ "ಈ ಸಾಲಿನವರೆಗೆ ಗೊತ್ತಾಯಿತು, ಇಲ್ಲಿಂದ ಮುಂದೆ ಗೊತ್ತಾಗಲಿಲ್ಲ" ಎಂದರೆ ಸಾಕು. ಯಾರೂ ದಡ್ಡ ಎನ್ನುವುದಿಲ್ಲ. ಬರದವರಿಗೇ ಓದಿನಲ್ಲಿ ಆಸಕ್ತಿ ಇಲ್ಲ ಎಂದು ಅವರಿಗೆ ಅನಿಸುವುದು. ಮುಂದೆ ಕ್ಯಾಂಪಸ್ಸಿನ ಕೆಲಸಕ್ಕೆ, ಶಿಫಾರಸು ಪತ್ರಕ್ಕೆ ನೆನಪಾಗುವುದೂ ಹೀಗೆ ಬಂದು ಹೋದ ಮುಖವೇ.

ತೆರಿಗೆಯದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ಡಾಲರ್ ದುಡಿಯದಿದ್ದರೂ 8843 ಎಂಬ ಫಾರಂ ಅನ್ನು ಅಮೆರಿಕದ ತೆರಿಗೆ ಇಲಾಖೆಗೆ ಕಳಿಸಬೇಕು. ದುಡಿದಿದ್ದರೆ ತೆರಿಗೆ ರಿಟರ್ನ್ ಫಾರಂ 1040-ಎನ್‌ಆರ್ ಹಾಕಬೇಕು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಭಾರತದ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ) ಸಿಗುತ್ತದೆ, ಬೇರೆ ಹೆಚ್ಚಿನ ದೇಶದವರಿಗೆ ಇಲ್ಲ. ಅದನ್ನು ಬಿಡಬೇಡಿ.

ಚಳಿಗಾಲ

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬಿಸಿಲು ವಾರಗಟ್ಟಲೆ ಕಾಣದೆ ಇರಬಹುದು. ಆಷಾಢದ ಜಡಿಮಳೆ ಕಂಡವರಿಗೆ ಕತ್ತಲು ಹೊಸದಲ್ಲ, ಆದರೆ ಅಲ್ಲಿ ಒಲೆಯ ಮುಂದೆ ಮನೆಯವರೆಲ್ಲ ಇದ್ದರು. ಇಲ್ಲಿ ಒಂದು ಕೋಣೆ, ಒಂದು ಲ್ಯಾಪ್‌ಟಾಪ್. ನಿದ್ದೆ ಕೆಟ್ಟರೆ, ಅಡುಗೆ ಮಾಡಲು ಮನಸ್ಸಾಗದಿದ್ದರೆ, ತರಗತಿ ತಪ್ಪಿಸಲು ಶುರುವಾದರೆ ಅದು ಸೋಮಾರಿತನ ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ. ಕ್ಯಾಂಪಸ್ಸಿನಲ್ಲಿ ಆಪ್ತ ಸಲಹೆಗಾರರು ಇದ್ದಾರೆ. ಹೋಗಿ ಹೇಳಿಕೊಳ್ಳಿ. ಬದುಕೇ ಬೇಡ ಅನಿಸುವಷ್ಟು ಕಷ್ಟವಾದರೆ ಹಗಲು ರಾತ್ರಿ ಯಾವಾಗ ಬೇಕಾದರೂ 988 ಸಹಾಯವಾಣಿಗೆ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು. ಊರ ಪಕ್ಕದ ಪೆನ್ ಹಿಲ್ಸ್‌ನಲ್ಲಿ 1976ರಿಂದ ಶ್ರೀ ವೆಂಕಟೇಶ್ವರ ದೇವಸ್ಥಾನ ಇದೆ, ಕ್ಯಾಂಟೀನಿನಲ್ಲಿ ಪುಳಿಯೋಗರೆ ಸಿಗುತ್ತದೆ. ಬಸ್ಸಿನಲ್ಲಿ ಹೋಗುವುದು ಕಷ್ಟ. ಶನಿವಾರ ಭಾನುವಾರ ನಮ್ಮಲ್ಲಿ ಯಾರಾದರೂ ಹೋಗುತ್ತಲೇ ಇರುತ್ತೇವೆ, ಕಾರಿನಲ್ಲಿ ಜಾಗ ಇದೆಯಾ ಎಂದು ಕೇಳಿ.

ಮನೆಗೆ ಫೋನ್ ಮಾಡಲು ಇಲ್ಲಿಯ ರಾತ್ರಿ ಒಂಬತ್ತು ಒಳ್ಳೆಯ ಹೊತ್ತು. ಅಲ್ಲಿ ಬೆಳಗ್ಗೆ ಆರೂವರೆ. ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದೆ ಹಾಕುತ್ತಾರೆ, ಆಮೇಲೆ ಅಲ್ಲಿ ಏಳೂವರೆ. ಊಟ ಆಯ್ತಾ, ಚಳಿ ಇದೆಯಾ ಎಂಬಲ್ಲಿಗೆ ಮಾತು ನಿಲ್ಲಿಸಬೇಡಿ. ಈ ಸಲ ಕೊಳೆರೋಗ ಎಷ್ಟು ಬಂತು, ಎಲೆಚುಕ್ಕೆ ಹೇಗಿದೆ, ರಾಶಿ ಅಡಿಕೆಗೆ ರೇಟು ಎಷ್ಟು ಎಂದು ಕೇಳಿ. ಮಗ ಓದುತ್ತಿದ್ದಾನೆ, ಸುಮ್ನೆ ಯಾಕೆ ಹೇಳುವುದು ಎಂದು ಅಪ್ಪ ಮುಚ್ಚಿಡುತ್ತಾರೆ. ಮೊದಲ ಫೀಸು ಬರುವುದು ಆಗಸ್ಟಿನಲ್ಲಿ, ಕೊಯ್ಲಿಗೆ ಮುಂಚೆ. ಎರಡನೆಯದು ಬರುವ ಹೊತ್ತಿಗೆ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿರುತ್ತದೆ. ಫಸಲು ಕೈಕೊಟ್ಟಿದೆ ಎಂದು ನವೆಂಬರಿನಲ್ಲೇ ಗೊತ್ತಾದರೆ ಫೀಸಿನ ಕಚೇರಿಗೆ ಹೋಗಿ ಕಂತಿನಲ್ಲಿ ಕಟ್ಟಬಹುದಾ ಎಂದು ಕೇಳಲು ಹೊತ್ತು ಇರುತ್ತದೆ. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಆ ವ್ಯವಸ್ಥೆ ಇದೆ. ಗಡುವು ದಾಟಿದರೆ ಮುಂದಿನ ಕೋರ್ಸುಗಳಿಗೆ ಹೆಸರು ಹಚ್ಚಲು ಬಿಡದಿರಬಹುದು. ಪೂರ್ತಿ ಕೋರ್ಸು ತೆಗೆದುಕೊಳ್ಳದಿದ್ದರೆ ವೀಸಾಕ್ಕೂ ತೊಂದರೆ. ಅದಕ್ಕೇ ನವೆಂಬರಿನಲ್ಲೇ ಕೇಳಿ.