ನಿಧಾನವಾಗಿ ಓಡಲು ಕಲಿತ ಹದಿನೆಂಟು ವಾರಗಳು

ಹಾಫ್ ಮ್ಯಾರಥಾನಿನ ದೂರ 21.0975 ಕಿಲೋಮೀಟರ್, ಅಂದರೆ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿನ ನಿಖರವಾದ ಅರ್ಧ. ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಇದಕ್ಕೆ ಹೆಸರು ನೋಂದಾಯಿಸಿದಾಗ ಒಂದೇ ಸಲಕ್ಕೆ ನಾನು ಓಡಬಲ್ಲವನಾಗಿದ್ದುದು ಐದು ಕಿಲೋಮೀಟರ್ ಮಾತ್ರ. ಅದೂ ಮುಗಿದೊಡನೆ ಮೊಣಕಾಲುಗಳ ಮೇಲೆ ಕೈಯೂರಿ ಏದುಸಿರು ಬಿಡುವಂತಹ ಓಟ. ಸ್ಪರ್ಧೆಗೆ ಹದಿನೆಂಟು ವಾರಗಳಿದ್ದವು.

ಮೊದಲ ಮೂರು ವಾರ ನಾನು ಪ್ರತಿಯೊಂದು ಓಟವನ್ನೂ ಪರೀಕ್ಷೆಯಂತೆ ಓಡಿದೆ. ನಿನ್ನೆ ಕಿಲೋಮೀಟರಿಗೆ ಆರು ನಿಮಿಷ ಹಿಡಿದಿದ್ದರೆ ಇಂದು ಐದು ಸೆಕೆಂಡಾದರೂ ಕಡಿಮೆಯಾಗಬೇಕೆಂಬುದು ನನ್ನ ಏಕೈಕ ತರಬೇತಿ ನೀತಿಯಾಗಿತ್ತು. ಉಸಿರು ದಿನೇ ದಿನೇ ಸುಧಾರಿಸುತ್ತಿದ್ದುದರಿಂದ ದಾರಿ ಸರಿಯಿದೆಯೆಂದೇ ಭಾವಿಸಿದ್ದೆ. ನಾಲ್ಕನೆಯ ವಾರ ಬಲಗಾಲಿನ ಮೊಣಕಾಲಿಗೂ ಪಾದಕ್ಕೂ ನಡುವೆ, ಮೂಳೆಯ ಒಳ ಅಂಚಿನುದ್ದಕ್ಕೂ ನೋವು ಶುರುವಾಯಿತು. ಮೊದಲು ಓಟದ ಆರಂಭದಲ್ಲಿ ಮಾತ್ರ ಇದ್ದದ್ದು ಆಮೇಲೆ ಮೆಟ್ಟಿಲು ಹತ್ತುವಾಗಲೂ ಕಾಣಿಸಿಕೊಂಡಿತು. ನೋವು ಬೆರಳ ತುದಿಯಷ್ಟು ಒಂದೇ ಜಾಗದಲ್ಲಿದ್ದು ಒತ್ತಿದರೆ ಚುಚ್ಚುವಂತಿದ್ದರೆ ಮೂಳೆ ಬಿರುಕಿನ ಸಂಶಯಪಡಬೇಕೆಂದು, ನನ್ನದು ಗೇಣುದ್ದ ಹರಡಿರುವುದರಿಂದ ಅತಿಯಾದ ಒತ್ತಡದ ಫಲವಿರಬೇಕೆಂದು ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಹೇಳಿದರು. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಹೊಂದಿಕೊಳ್ಳುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ನನ್ನ ಉಸಿರು ಕೊಟ್ಟ ಧೈರ್ಯಕ್ಕೆ ಕಾಲು ದಂಡ ತೆತ್ತಿತ್ತು.

ಎರಡೂವರೆ ವಾರ ಓಟ ನಿಲ್ಲಿಸಿ, ನಡೆಯುತ್ತ, ಮೀನಖಂಡ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮಗಳನ್ನು ಮಾಡಿದೆ. ಏಳನೆಯ ವಾರ ಮರಳಿ ಓಡತೊಡಗಿದಾಗ ಒಂದೇ ಒಂದು ನಿಯಮ ಇಟ್ಟುಕೊಂಡೆ: ಓಡುತ್ತಲೇ ಪೂರ್ತಿ ವಾಕ್ಯವೊಂದನ್ನು ಬಾಯಿಬಿಟ್ಟು ಹೇಳಲು ಸಾಧ್ಯವಾಗಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ಈ ನಿಯಮದಂತೆ ನನ್ನ ವೇಗ ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ಇಳಿಯಿತು. ಬಿರುಸಾಗಿ ನಡೆಯುವವರು ಕೆಲಹೊತ್ತು ನನ್ನ ಜೊತೆಜೊತೆಗೇ ಬರುತ್ತಿದ್ದರು. ಆ ಮುಜುಗರವನ್ನು ನುಂಗಿಕೊಳ್ಳುವುದು ಇಡೀ ತರಬೇತಿಯಲ್ಲೇ ನನಗೆ ಅತ್ಯಂತ ಕಠಿಣವಾದ ಭಾಗವಾಗಿತ್ತು, ಮತ್ತು ಗಡಿಯಾರದ ಪರದೆಯನ್ನು ತೋಳಿನಡಿ ಮುಚ್ಚಿಟ್ಟುಕೊಂಡು ಓಡಿದ ದಿನಗಳೂ ಇವೆ. ಆದರೆ ಸ್ನಾಯುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಹೆಚ್ಚುವುದಕ್ಕೂ, ದೇಹವು ಕೊಬ್ಬನ್ನು ಇಂಧನವಾಗಿ ಚೆನ್ನಾಗಿ ಬಳಸಲು ಕಲಿಯುವುದಕ್ಕೂ ಇಂತಹ ಹಗುರವಾದ ದೀರ್ಘ ಶ್ರಮವೇ ಸಾಕೆಂದು ಓದಿ ತಿಳಿದಿದ್ದೆ. ನಾಲ್ಕು ವಾರ ಕಳೆಯುವಷ್ಟರಲ್ಲಿ ಅದೇ ವೇಗದಲ್ಲಿ ನನ್ನ ಹೃದಯ ಬಡಿತ ಮೊದಲಿಗಿಂತ ಕಡಿಮೆಯಿರುವುದನ್ನು ಕಂಡು ನಂಬಿಕೆಯೂ ಬಂದಿತು.

ವಾರಕ್ಕೆ ಮೂರು ಸಣ್ಣ ಓಟ, ಒಂದು ದೀರ್ಘ ಓಟ. ದೀರ್ಘ ಓಟ ಆರು ಕಿಲೋಮೀಟರಿನಿಂದ ಶುರುವಾಗಿ ವಾರಕ್ಕೆ ಒಂದೂವರೆ, ಎರಡು ಕಿಲೋಮೀಟರಿನಂತೆ ಬೆಳೆದು, ನಡುವೆ ಎರಡು ವಾರ ಬೇಕೆಂದೇ ತಗ್ಗಿ, ಹದಿನಾರನೆಯ ವಾರ ಹದಿನೆಂಟಕ್ಕೆ ಮುಟ್ಟಿತು. ತರಬೇತಿಯಲ್ಲಿ ಇಪ್ಪತ್ತೊಂದನ್ನು ಓಡಲೇ ಇಲ್ಲ, ಅದರ ಅಗತ್ಯವೂ ಕಾಣಲಿಲ್ಲ.

ಹನ್ನೆರಡು ಕಿಲೋಮೀಟರ್ ದಾಟಿದ ಮೇಲೆ ಎದುರಾದ ತೊಂದರೆಗಳು ಐದು ಕಿಲೋಮೀಟರಿನಲ್ಲಿ ಕನಸಿನಲ್ಲೂ ಬಾರದಂತಹವು. ಬಟ್ಟೆಯ ಹೊಲಿಗೆ ತೊಡೆಗೆ ಉಜ್ಜಿ ಚರ್ಮ ಸುಲಿದದ್ದು ಸ್ನಾನಕ್ಕೆ ನಿಂತಾಗಲೇ ಗೊತ್ತಾಯಿತು. ಅಂದಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚದೆ ಹೊರಟವನಲ್ಲ. ದೀರ್ಘ ಓಟದಲ್ಲಿ ಪಾದ ಊದಿಕೊಳ್ಳುವುದರಿಂದ ಸರಿಯಾದ ಅಳತೆಯೆಂದು ಕೊಂಡ ಶೂ ಬೆರಳಿಗೆ ಒತ್ತಿ ಒಂದು ಉಗುರು ಕಪ್ಪಾಯಿತು, ಅರ್ಧ ಅಳತೆ ದೊಡ್ಡದನ್ನು ಕೊಳ್ಳಬೇಕಾಯಿತು. ಎರಡು ಗಂಟೆ ಮೀರುವ ಓಟಕ್ಕೆ ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್, ಅಂದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಇಂಧನ, ಸಾಲದೆ ಹೋಗಬಹುದೆಂದು ಎನರ್ಜಿ ಜೆಲ್ ಎಂಬ ಸಕ್ಕರೆ ತುಂಬಿದ ಗಟ್ಟಿ ಪಾಕವನ್ನು ಬಳಸಿ ನೋಡಿದೆ. ಮೊದಲ ಸಲ ಅದನ್ನು ಸಿಹಿ ಪಾನೀಯದೊಂದಿಗೆ ಸೇವಿಸಿ, ಸಕ್ಕರೆಯ ಮೇಲೆ ಸಕ್ಕರೆ ಬಿದ್ದು, ಹೊಟ್ಟೆ ಹಿಡಿದುಕೊಂಡು ಕೂತೆ. ಬರೀ ನೀರಿನೊಂದಿಗೆ, ಸ್ವಲ್ಪಸ್ವಲ್ಪವಾಗಿ ಸೇವಿಸಿದಾಗ ತೊಂದರೆಯಾಗಲಿಲ್ಲ.

ಕೊನೆಯ ಎರಡು ವಾರ ದೂರವನ್ನು ತಗ್ಗಿಸಿದೆ. ಆ ದಿನಗಳಲ್ಲಿ ಇಲ್ಲದ ನೋವುಗಳೆಲ್ಲ ಇರುವಂತೆ ಅನ್ನಿಸಿದ್ದನ್ನು ಬಿಟ್ಟರೆ ಬರೆಯುವಂತಹದ್ದೇನೂ ನಡೆಯಲಿಲ್ಲ.

ಸ್ಪರ್ಧೆಯ ದಿನಕ್ಕೆ ಕಿಲೋಮೀಟರಿಗೆ 7 ನಿಮಿಷ 15 ಸೆಕೆಂಡಿನ ಗುರಿ ಇಟ್ಟುಕೊಂಡಿದ್ದೆ. ಇಷ್ಟೆಲ್ಲ ಕಲಿತವನು ಮೊದಲ ಕಿಲೋಮೀಟರನ್ನು 6 ನಿಮಿಷ 20 ಸೆಕೆಂಡಿನಲ್ಲಿ ಓಡಿದೆ! ಸುತ್ತಲಿನ ನೂರಾರು ಜನರ ಹೆಜ್ಜೆಯ ಸದ್ದಿನಲ್ಲಿ ಅದು ನಿಧಾನವೆಂದೇ ತೋರಿತ್ತು. ಗಡಿಯಾರ ನೋಡಿ, ವಾಕ್ಯವೊಂದನ್ನು ಹೇಳಿ ನೋಡಿದೆ. ಮೂರು ತುಂಡಾಗಿ ಹೊರಬಂತು. ಕೂಡಲೇ ವೇಗ ಇಳಿಸಿದೆ. ಹದಿನಾರರವರೆಗೆ ಎಲ್ಲವೂ ಲೆಕ್ಕದಂತೆಯೇ ಸಾಗಿತು, ಅನಂತರ ತೊಡೆಗಳು ಮರಗಟ್ಟಿದಂತಾಗಿ, ಪ್ರತಿ ನೀರಿನ ಮೇಜಿನ ಬಳಿಯೂ ಒಂದು ನಿಮಿಷ ನಡೆದು ಮತ್ತೆ ಓಡುವುದೆಂದು ನಿರ್ಧರಿಸಿದೆ. ನಡೆಯುವುದು ಸೋಲೆಂದು ನಾಲ್ಕು ತಿಂಗಳ ಹಿಂದೆ ಭಾವಿಸುತ್ತಿದ್ದೆ. ಅಂದು ಅದೇ ನನ್ನನ್ನು ಗುರಿ ತಲುಪಿಸಿತು. ಕೊನೆಯ ಗೆರೆ ದಾಟಿದಾಗ ಎರಡು ಗಂಟೆ 36 ನಿಮಿಷವಾಗಿತ್ತು.

ನನ್ನ ಗಡಿಯಾರ ಮಾತ್ರ 21.4 ಕಿಲೋಮೀಟರ್ ತೋರಿಸುತ್ತಿತ್ತು. ದಾರಿ ಉದ್ದವಿದೆಯೆಂದು ದೂರಲು ಹೊರಟಿದ್ದೆ. ಓಟಗಾರನಿಗೆ ಸಾಧ್ಯವಿರುವ ಅತಿ ಸಮೀಪದ ರೇಖೆಯಲ್ಲಿ, ತಿರುವುಗಳ ಒಳ ಅಂಚನ್ನು ಹಿಡಿದು ದಾರಿಯನ್ನು ಅಳೆಯುತ್ತಾರೆಂದೂ, ಜನರನ್ನು ಬಳಸಿಕೊಂಡು ಹೊರಬದಿಯಲ್ಲಿ ಓಡಿದವನು ನಾನೇ ಎಂದೂ, ಉಪಗ್ರಹ ಆಧರಿಸಿದ ಅಳತೆಯಲ್ಲೂ ಒಂದಿಷ್ಟು ತಪ್ಪಿರುತ್ತದೆಂದೂ ಆಮೇಲೆ ತಿಳಿಯಿತು. ಮುಂದಿನ ಎರಡು ದಿನ ಕಂಬಿ ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಇಳಿದೆ.